ನಿಲ್ಲುವ ತಾಣ

‘ನಿಲ್’ ಎಂಬ ಧಾತುವಿಗೆ ‘ತಾಣ’ ಸೇರಿ, ತಕಾರಕ್ಕೆ ದಕಾರವು ಆದೇಶವಾಗಿ ‘ನಿಲ್ದಾಣ’ ಸಿದ್ಧಿಸಿತೆಂದು ತರಗತಿಯಲ್ಲಿ ಬೋಧಿಸುವಾಗಲೆಲ್ಲ ನನಗೆ ಕೊಟ್ಟೂರು ನೆನಪಾಗುತ್ತದೆ. ಗಾಡಿಯೇ ನಿಲ್ಲದ ತಾಣವನ್ನು ನಿಲ್ದಾಣವೆನ್ನಬಹುದೇ ಎಂಬ ಸಂದೇಹವನ್ನು ಆ ಊರು ಬಹುಕಾಲ ನನ್ನಲ್ಲಿ ಉಳಿಸಿತ್ತು. (ನಮ್ಮ ಹಳ್ಳಿಗರ ಬಾಯಲ್ಲಿ ಅದು ‘ಟೇಶನ್ನು’, ಅವರಿಗೆ ಸಂಧಿಯ ತೊಡಕಿಲ್ಲ.)

ಹೊಸಪೇಟೆಯಿಂದ ಮರಿಯಮ್ಮನಹಳ್ಳಿ, ಹಗರಿಬೊಮ್ಮನಹಳ್ಳಿಗಳ ಮೇಲೆ ಹಾಯ್ದು ಕೊಟ್ಟೂರನ್ನು ಮುಟ್ಟುವ ಮೀಟರ್ ಗೇಜ್ ಮಾರ್ಗವು 1905ರಲ್ಲಿ ತೆರೆಯಿತು. ಮಾಘಮಾಸದಲ್ಲಿ ಶ್ರೀ ಗುರು ಕೊಟ್ಟೂರೇಶ್ವರರ ರಥೋತ್ಸವಕ್ಕೆ ಕೊಪ್ಪಳ ಸೀಮೆಯ ಭಕ್ತರೂ ಆ ಗಾಡಿಯನ್ನೇ ನೆಚ್ಚಿದ್ದರು. ಬಾಲ್ಯದಲ್ಲಿ ತಂದೆಯವರೊಡನೆ ಹೊಸಪೇಟೆಯಲ್ಲಿ ಗಾಡಿ ಬದಲಿಸಿ ನಾನೂ ಹೋದದ್ದುಂಟು. ಬುತ್ತಿಯ ಗಂಟು ಬಿಚ್ಚಿದೊಡನೆ ಎದುರು ಕುಳಿತವರ ಶೇಂಗಾ ಚಟ್ನಿ ನಮ್ಮ ರೊಟ್ಟಿಗೆ ಬರುತ್ತಿತ್ತು; ಅವರ ಕುಲಗೋತ್ರಗಳನ್ನು ನಾವು ಕೇಳಲಿಲ್ಲ, ಅವರೂ ಕೇಳಲಿಲ್ಲ.

1990ರ ದಶಕದಲ್ಲಿ ಗೇಜ್ ಪರಿವರ್ತನೆಯ ಹೊತ್ತಿಗೆ ಪ್ರಯಾಣಿಕರ ಗಾಡಿ ನಿಂತಿತು. ಹಳಿ ಅಗಲವಾದರೂ ಗಾಡಿ ಮರಳಲಿಲ್ಲ. ಅದೇ ಮಾರ್ಗದ ಸ್ವಾಮಿಹಳ್ಳಿ ಕವಲಿನಲ್ಲಿ ಅದಿರು ಸಾಗುತ್ತಿತ್ತು. ಮನುಷ್ಯನಿಗೆ ಮಾತ್ರ ಎಡೆಯಿರಲಿಲ್ಲ. 2019ರ ಅಕ್ಟೋಬರಿನಲ್ಲಿ ಹೊಸಪೇಟೆ–ಹರಿಹರ ಗಾಡಿ ಹೊರಡುವಷ್ಟರಲ್ಲಿ, ರೈಲು ಹತ್ತುವ ರೂಢಿಯೇ ಇಲ್ಲದ ಒಂದು ತಲೆಮಾರು ಆ ಊರುಗಳಲ್ಲಿ ಬೆಳೆದುಬಿಟ್ಟಿತ್ತು. ಬಸ್ಸಿಗೆ ಒಗ್ಗಿದ ಕಾಲನ್ನು ಮತ್ತೆ ರೈಲಿನತ್ತ ತಿರುಗಿಸುವುದು ಸುಲಭವಲ್ಲ.

ಈ ವೃತ್ತಾಂತವನ್ನು ಇಲ್ಲಿ ಹೇಳಲು ಕಾರಣವುಂಟು. ಕೊಪ್ಪಳಕ್ಕೆ 1880ರ ದಶಕದಲ್ಲೇ ಉಗಿಬಂಡಿ ಬಂದಿತಾದರೂ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳು ಶತಮಾನಕ್ಕೂ ಮಿಕ್ಕು ಹಳಿಯನ್ನೇ ಕಾಣಲಿಲ್ಲ. ಕುಕನೂರಿನವರು ಭಾನಾಪುರಕ್ಕೆ ಬಂದು ಗಾಡಿ ಹಿಡಿಯುತ್ತಿದ್ದರು. 2019ರಲ್ಲಿ ಗಂಗಾವತಿಗೆ ಗಾಡಿ ಬಂದಿತು. ಗದಗ–ವಾಡಿ ಮಾರ್ಗದ ತಳಕಲ್–ಕುಷ್ಟಗಿ ಭಾಗವು ಯಲಬುರ್ಗಾದ ಮೇಲೆ ಹಾಯ್ದು 2025ರ ಮೇ ತಿಂಗಳಲ್ಲಿ ಸಂಚಾರಕ್ಕೆ ತೆರೆಯಿತು. ಹಸಿರು ನಿಶಾನೆ, ಹೂಮಾಲೆ, ಭಾಷಣಗಳೆಲ್ಲ ಆದವು, ಆಗಬೇಕಾದದ್ದೇ. ಆದರೆ ಹಳಿ ಕಿತ್ತಾಗ ಮಾತ್ರ ನಿಲ್ದಾಣ ಮುಚ್ಚುತ್ತದೆಂಬುದು ತಪ್ಪು ಗ್ರಹಿಕೆ. ವಿದ್ಯಾರ್ಥಿಗೆ ಶಾಲೆಯ ಹೊತ್ತಿಗೆ, ಒಕ್ಕಲಿಗನಿಗೆ ಸಂತೆಯ ಹೊತ್ತಿಗೆ, ರೋಗಿಗೆ ಆಸ್ಪತ್ರೆಯ ಹೊತ್ತಿಗೆ ಒದಗದ ಗಾಡಿ ಖಾಲಿ ಓಡುತ್ತದೆ. ಖಾಲಿ ಓಡುವ ಗಾಡಿಯನ್ನು ನಿಲ್ಲಿಸಲು ಅಧಿಕಾರಿಗಳಿಗೆ ಲೆಕ್ಕದ ಪುಸ್ತಕವೊಂದೇ ಸಾಕು.

ಆದುದರಿಂದ ಈ ಸಂಚಿಕೆಯನ್ನು ಓದುವ ಉಪಾಧ್ಯಾಯ ಬಂಧುಗಳಲ್ಲಿ ನನ್ನದೊಂದು ಅರಿಕೆ. ನಮ್ಮ ವಿದ್ಯಾರ್ಥಿಗಳು ಯಾವ ಊರಿನಿಂದ, ಎಷ್ಟು ಹೊತ್ತಿಗೆ ಹೊರಟು ಬರುತ್ತಾರೆಂಬ ಪಟ್ಟಿಯನ್ನು ತರಗತಿವಾರು ಸಿದ್ಧಪಡಿಸೋಣ. ಹಳೆಯ ವಿದ್ಯಾರ್ಥಿಗಳು ಅದಕ್ಕೆ ಸಂತೆಯ ದಿನಗಳನ್ನೂ ಜಾತ್ರೆಯ ತಿಥಿಗಳನ್ನೂ ಕೂಡಿಸಲಿ. ಆ ಪಟ್ಟಿಯೊಡನೆ ಹುಬ್ಬಳ್ಳಿಯ ರೈಲ್ವೆ ಕಚೇರಿಗೆ ಮನವಿ ಒಯ್ಯಲು ನಾಲ್ವರು ಮುಂದೆ ಬಂದರೆ, ಐದನೆಯವನಾಗಿ ನಾನೂ ಬರುವೆ. ಕುಷ್ಟಗಿಯಿಂದ ಗಾಡಿಯಲ್ಲೇ ಹೋಗೋಣ. ಟಿಕೆಟ್ಟಿನ ಲೆಕ್ಕಕ್ಕೆ ಐದು ತಲೆಯಾದರೂ ಸೇರಲಿ.