ಮಂಡಿನೋವಿನ ಸೀಮೆಯಲ್ಲಿ ಚೀನಾ ಸೂಜಿ

ಕೋಲಾರದ ಕಡೆ ಐವತ್ತು ದಾಟಿದವರ ಜತೆ ಮಾತಿಗೆ ಕೂರಬೇಕಾದರೆ ಮಳೆ-ಬೆಳೆಗಿಂತ ಸಲೀಸಾದ ವಿಷಯ ಮಂಡಿನೋವು. ಮಾಲೂರಿನಲ್ಲಿ ಇಟ್ಟಿಗೆ, ಹೆಂಚು ಹೊತ್ತು ಸೊಂಟ ಕಳೆದುಕೊಂಡವರಿದ್ದಾರೆ. ಮುಳಬಾಗಿಲಿನ ಟೊಮೆಟೊ ತೋಟಗಳಲ್ಲಿ ದಿನವಿಡೀ ಬಗ್ಗಿ ಹಣ್ಣು ಕೀಳುವವರು, ಶ್ರೀನಿವಾಸಪುರದಲ್ಲಿ ಮಾವಿನ ಕ್ರೇಟು ಎತ್ತುವವರು, ನರಸಾಪುರದ ಫ್ಯಾಕ್ಟರಿಗಳಲ್ಲಿ ಶಿಫ್ಟು ಮುಗಿಯುವವರೆಗೂ ನಿಂತೇ ಇರುವ ಹೆಣ್ಣುಮಕ್ಕಳು, ಎಲ್ಲರದೂ ಒಂದೊಂದು ನೋವು. ನೀರಿಗೆ ಬರ ಇರುವ ಈ ಸೀಮೆಯಲ್ಲಿ ನೋವಿಗೆ ಬರವಿಲ್ಲ. ಅಕ್ಯುಪಂಕ್ಚರ್, ಅಕ್ಯುಪ್ರೆಶರ್, ಸುಜೋಕ್, ಕಪ್ಪಿಂಗ್ ಎಂಬ ಬೋರ್ಡುಗಳಿಗೆ ಗಿರಾಕಿ ಸಿಗುವುದರಲ್ಲಿ ಅಚ್ಚರಿಯೇನಿದೆ?

ಅಂಥದೊಂದು ಉಚಿತ ಶಿಬಿರಕ್ಕೆ ಹೋಗಿದ್ದೆ. ಕಲ್ಯಾಣ ಮಂಟಪದ ಊಟದ ಟೇಬಲ್ಲುಗಳನ್ನೇ ಜೋಡಿಸಿ ಜಮಖಾನ ಹಾಸಿದ್ದರು. ಅಜ್ಜಿಯೊಬ್ಬರನ್ನು ಮಲಗಿಸಿ, ಮಂಡಿಚಿಪ್ಪಿನಿಂದ ಕೆಳಕ್ಕೆ ನಾಲ್ಕು ಬೆರಳು ಅಳೆದು, ಕಾಲಿನ ಎಲುಬಿನಿಂದ ಒಂದು ಬೆರಳು ಹೊರಕ್ಕೆ ಸರಿದು, ಕೂದಲಿಗಿಂತ ತುಸು ದಪ್ಪದ ಸೂಜಿ ಇಳಿಸಿದರು. ರಕ್ತ ಬರಲಿಲ್ಲ. ಸೂಜಿಯನ್ನು ಎರಡು ಬೆರಳ ನಡುವೆ ಹೊಸೆದಾಗ ಮಾತ್ರ ಅಜ್ಜಿ, "ಜುಮ್ ಅಂತೈತೆ ಕಣಪ್ಪ" ಎಂದರು. ಜುಮ್ ಎಂದರೆ ಸೂಜಿ ಸರಿಯಾದ ಜಾಗಕ್ಕೆ ಬಿದ್ದಿದೆ ಎನ್ನುತ್ತದೆ ಚೀನೀ ಶಾಸ್ತ್ರ. ಆಚೆ ಸಾಲಿನಲ್ಲಿ ಸುಜೋಕ್‌ನವರು ಬೆರಳ ಗಿಣ್ಣಿಗೆ ಮೆಂತ್ಯದ ಕಾಳಿಟ್ಟು ಟೇಪು ಸುತ್ತುತ್ತಿದ್ದರು. (ಸುಜೋಕ್ ಚೀನಾದ್ದಲ್ಲ, ಕೊರಿಯಾದ್ದು. ಮೆಂತ್ಯ ನಮ್ಮದೇ.) ಸೂಜಿ ಕಾಲಿನಲ್ಲಿದ್ದಷ್ಟು ಹೊತ್ತೂ ಚುಚ್ಚಿದಾತ ಪಕ್ಕದಲ್ಲೇ ಕೂತು, ಮಗ ಎಲ್ಲಿದ್ದಾನೆ, ರಾತ್ರಿ ನಿದ್ದೆ ಹತ್ತುತ್ತದಾ ಎಂದೆಲ್ಲ ವಿಚಾರಿಸಿದರು. ಅಜ್ಜಿ ಎದ್ದು ನಾಲ್ಕು ಹೆಜ್ಜೆ ಹಾಕಿ, ಹಗುರಾಯಿತು ಎಂದರು.

ಆ ಮಾತನ್ನು ನಾನು ನಂಬುತ್ತೇನೆ. ಹಗುರಾದದ್ದು ಯಾವುದರಿಂದ ಎಂಬುದಷ್ಟೇ ಪ್ರಶ್ನೆ. ಜರ್ಮನಿಯಲ್ಲಿ ಬಹುಕಾಲದ ಸೊಂಟನೋವಿನ 1,162 ಮಂದಿಯನ್ನು ಮೂರು ಗುಂಪು ಮಾಡಿ ನಡೆಸಿದ ಪರೀಕ್ಷೆಯೊಂದರ ಫಲಿತಾಂಶ 2007ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಶಾಸ್ತ್ರೋಕ್ತ ಸೂಜಿ. ಇನ್ನೊಂದಕ್ಕೆ ಬಿಂದು ತಪ್ಪಿಸಿ, ಮೇಲುಮೇಲೆ ಚುಚ್ಚಿದ ಸುಳ್ಳು ಸೂಜಿ. ಮೂರನೆಯದಕ್ಕೆ ಮಾತ್ರೆ, ವ್ಯಾಯಾಮ. ಆರು ತಿಂಗಳ ನಂತರ ಮೊದಲ ಗುಂಪಿನಲ್ಲಿ ಶೇ 47.6, ಎರಡನೆಯದರಲ್ಲಿ ಶೇ 44.2, ಮೂರನೆಯದರಲ್ಲಿ ಶೇ 27.4 ಮಂದಿಗೆ ಗುಣ ಕಂಡಿತ್ತು. ಸೂಜಿಯ ಭಕ್ತರು ಮೊದಲ ಮತ್ತು ಮೂರನೆಯ ಅಂಕಿಯನ್ನು ಹಿಡಿದುಕೊಳ್ಳುತ್ತಾರೆ, ವಿರೋಧಿಗಳು ಮೊದಲೆರಡನ್ನು. ಮೂರನ್ನೂ ಒಟ್ಟಿಗೆ ನೋಡಿದರೆ ನನಗೆ ಕಾಣುವುದು ಬೇರೆ. ಬಿಂದು ಎಲ್ಲಿದೆ ಎಂಬುದಕ್ಕಿಂತ ರೋಗಿಯನ್ನು ಮಲಗಿಸಿ, ಮುಟ್ಟಿ, ಮಾತಾಡಿಸಿದ್ದೇ ಹೆಚ್ಚು ಕೆಲಸ ಮಾಡಿರಬೇಕು. ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಚೀಟಿಗೆ ಒಂದು ಕ್ಯೂ, ಡಾಕ್ಟರಿಗೆ ಒಂದು ಕ್ಯೂ, ಮಾತ್ರೆಗೆ ಮತ್ತೊಂದು. ಅಲ್ಲಿ ಅಜ್ಜಿಯ ಮಂಡಿಯನ್ನು ಯಾರಾದರೂ ಮುಟ್ಟಿ ನೋಡಿದ್ದಾರೋ ಇಲ್ಲವೋ.

ಈ ವಿದ್ಯೆ ನಮ್ಮ ದೇಶಕ್ಕೆ ಬಂದ ದಾರಿಯಲ್ಲಿ ಕನ್ನಡಿಗರೂ ನೆನೆಯಬೇಕಾದ ಊರೊಂದಿದೆ. ಜಪಾನಿನ ದಾಳಿಗೆ ಸಿಕ್ಕಿದ್ದ ಚೀನಾಕ್ಕೆ 1938ರಲ್ಲಿ ಕಾಂಗ್ರೆಸ್ ಐವರು ವೈದ್ಯರನ್ನು ಕಳಿಸಿತು. ಅವರಲ್ಲೊಬ್ಬರು ಕನ್ನಡ-ಮರಾಠಿ ಬೆರೆತ ಸೊಲ್ಲಾಪುರದ ದ್ವಾರಕಾನಾಥ ಕೋಟ್ನಿಸ್. 1942ರಲ್ಲಿ, ಇನ್ನೂ 32ರ ಪ್ರಾಯದಲ್ಲಿ, ಅಲ್ಲಿಯೇ ತೀರಿಕೊಂಡರು. ಅಕ್ಯುಪಂಕ್ಚರ್ ಎಂದಕೂಡಲೇ ಅವರ ಹೆಸರು ಹೇಳುವುದು ರೂಢಿ. ಆದರೆ ಕೋಟ್ನಿಸ್ ಚೀನಾದಲ್ಲಿ ಹೆಸರು ಮಾಡಿದ್ದು ಶಸ್ತ್ರಚಿಕಿತ್ಸಕರಾಗಿ. ಅದೇ ತಂಡದ ಬಿಜಯ್ ಕುಮಾರ್ ಬಸು 1950ರ ದಶಕದ ಕೊನೆಯಲ್ಲಿ ಮತ್ತೆ ಚೀನಾಕ್ಕೆ ಹೋಗಿ ಸೂಜಿ ಕಲಿತು ಕಲ್ಕತ್ತಾಕ್ಕೆ ತಂದರು. ಇಬ್ಬರೂ ಓದಿದ್ದು ಆಧುನಿಕ ವೈದ್ಯ. ಸೂಜಿ ಯಾವುದಕ್ಕೆ ಆಗುತ್ತದೆ, ಯಾವುದಕ್ಕೆ ಆಗದು ಎಂದು ತೂಗಿ ನೋಡುವ ವಿದ್ಯೆ ಅವರ ಕೈಯಲ್ಲಿತ್ತು.

ಇವತ್ತಿನ ತಕರಾರು ಇರುವುದು ಅಲ್ಲೇ. ಮಂಡಿ, ಸೊಂಟ ಎಂದು ಶುರುವಾಗುವ ಬೋರ್ಡು ಬಿಪಿ, ಶುಗರ್, ಥೈರಾಯ್ಡ್, ಕಿಡ್ನಿ ಕಲ್ಲು, ಸಂತಾನಭಾಗ್ಯದವರೆಗೂ ಬೆಳೆಯುತ್ತದೆ. ಲಕ್ವ ಹೊಡೆದಾಗ ರಕ್ತ ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ಸಿಗುವುದು ನಾಲ್ಕೂವರೆ ಗಂಟೆ. ಆ ಹೊತ್ತು ಸೂಜಿ, ನಾಟಿ ಔಷಧಿ ಎಂದು ಅಲೆದರೆ ಕೈಕಾಲು ಹೋದಂತೆಯೇ. ಶುಗರ್ ಮಾತ್ರೆ ಬಿಡಿ ಎನ್ನುವವರು ಇನ್ನೂ ಅಪಾಯಕಾರಿ. 2024ರ ಫೆಬ್ರುವರಿಯಲ್ಲಿ ತಿರುವನಂತಪುರದ ನೇಮಂನಲ್ಲಿ ಅಕ್ಯುಪಂಕ್ಚರ್ ನಂಬಿ ಮನೆಯಲ್ಲೇ ಹೆರಿಗೆಗೆ ನಿಂತ ತಾಯಿ, ಮಗು ಇಬ್ಬರೂ ತೀರಿಕೊಂಡರು.

ಕೇಂದ್ರ ಸರ್ಕಾರ 2019ರಲ್ಲಿ ಅಕ್ಯುಪಂಕ್ಚರನ್ನು ಸ್ವತಂತ್ರ ಚಿಕಿತ್ಸಾ ಪದ್ಧತಿ ಎಂದು ಮಾನ್ಯ ಮಾಡಿತು. ಮಹಾರಾಷ್ಟ್ರ ಅದಕ್ಕೆಂದೇ ಕಾಯ್ದೆ ತಂದಿದೆ. ನಮ್ಮಲ್ಲಿ ಅಂಥದ್ದಿಲ್ಲ. ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಬಿಎನ್‌ವೈಎಸ್ ಪದವೀಧರರು ಐದೂವರೆ ವರ್ಷದ ಕೋರ್ಸಿನಲ್ಲಿ ಅಕ್ಯುಪಂಕ್ಚರ್ ಕಲಿತಿರುತ್ತಾರೆ. ವಾರಾಂತ್ಯದ ತರಬೇತಿ ಮುಗಿಸಿ ಸರ್ಟಿಫಿಕೇಟಿಗೆ ಫ್ರೇಮು ಹಾಕಿಸಿದವರೂ ಅದೇ ಸೂಜಿ ಹಿಡಿಯುತ್ತಾರೆ. ಮಲಗಿರುವ ರೋಗಿಗೆ ವ್ಯತ್ಯಾಸ ತಿಳಿಯುವುದು ಹೇಗೆ? ಪ್ಯಾಕೆಟ್ ಕಣ್ಣೆದುರೇ ಒಡೆದರೋ ಎಂದು ನೋಡಿಕೊಳ್ಳಬಹುದು, ಅಷ್ಟೇ. ಒಬ್ಬರಿಗೆ ಬಳಸಿದ ಸೂಜಿ ಇನ್ನೊಬ್ಬರಿಗೆ ಚುಚ್ಚಿದರೆ ಹೆಪಟೈಟಿಸ್ ಬಿ ಬರಬಹುದು.

ಇಷ್ಟೆಲ್ಲ ಸರಿಪಡಿಸಿದರೂ ಕೋಲಾರ ಜಿಲ್ಲೆಯ ಒಂದು ಬಗೆಯ ಕೀಲುನೋವಿಗೆ ಯಾವ ಸೂಜಿಯೂ ಮದ್ದಲ್ಲ. ಇಲ್ಲಿನ ಬೋರುಗಳು ಸಾವಿರ ಅಡಿ ದಾಟಿ ಬಂಡೆಯೊಳಗಿನ ನೀರು ಎತ್ತುತ್ತವೆ. ಆ ಬಂಡೆಯ ಖನಿಜಗಳಿಂದ ಫ್ಲೋರೈಡ್ ನೀರಿಗಿಳಿಯುತ್ತದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಎನ್ನುತ್ತದೆ ಭಾರತೀಯ ಮಾನಕ. ಅದಕ್ಕೂ ಬಹಳ ಹೆಚ್ಚಿನ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿಗೆ ಕಂದು ಕಲೆ, ದೊಡ್ಡವರ ಬೆನ್ನು, ಕೀಲು ಬಿಗಿತ. ಎಲುಬಿನಲ್ಲಿ ಕೂತ ಫ್ಲೋರೈಡನ್ನು ಚುಚ್ಚಿ ತೆಗೆಯಲಾಗದು. ಫಿಲ್ಟರ್ ನೀರು ಬಂದಿದೆಯಲ್ಲ ಎನ್ನಬಹುದು. ಕುಡಿಯಲು ಕ್ಯಾನು, ಅಡುಗೆಗೆ ನಲ್ಲಿ ಎನ್ನುವ ಮನೆಗಳೂ ಇವೆ. ಮುದ್ದೆಯ ಎಸರಿಗಿಟ್ಟ ನೀರು ಎಷ್ಟು ಕುದಿದರೂ ಫ್ಲೋರೈಡ್ ಹೋಗುವುದಿಲ್ಲ.

ಶಿಬಿರದ ಚೀಟಿಯಲ್ಲಿ ವಯಸ್ಸು, ತೂಕ, ಬಿಪಿ, ಶುಗರ್ ಕೇಳುತ್ತಾರೆ. ಯಾವ ಬೋರಿನ ನೀರು ಎಂದು ಕೇಳುವುದಿಲ್ಲ. ಜಲಜೀವನ್ ಮಿಷನ್‌ನಲ್ಲಿ ಗ್ರಾಮ ಪಂಚಾಯಿತಿಗಳಿಗೆಂದು ನೀರು ಪರೀಕ್ಷೆಯ ಕಿಟ್ ಇದೆ, ಅದನ್ನು ಬಳಸಲು ಊರಿನ ಹೆಂಗಸರಿಗೇ ತರಬೇತಿ ಕೊಡುವ ಏರ್ಪಾಡಿದೆ. ತಾಲ್ಲೂಕು ಆರೋಗ್ಯಾಧಿಕಾರಿಗಳು ಇನ್ನುಮುಂದೆ ಇಂಥ ಶಿಬಿರಗಳಿಗೆ ಎರಡು ಷರತ್ತು ಹಾಕಲಿ. ಸೂಜಿ ಹಿಡಿಯುವವರ ನೋಂದಣಿ ಪತ್ರ ಗೋಡೆಯ ಮೇಲಿರಬೇಕು. ಮಂಡಿನೋವೆಂದು ಬಂದವರು ಮನೆಯಿಂದ ಒಂದು ಬಾಟಲಿ ಅಡುಗೆ ನೀರು ತರಬೇಕು.