ಕಲಿತದ್ದು ಕಳೆದುಹೋಗಬಾರದು

ವಿದ್ಯೆಯು ಕಳ್ಳರು ಕದಿಯಲಾಗದ ಧನವೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಆದರೆ ಕಚೇರಿಯ ಕಡತವು ಅದನ್ನು ಕಸಿದುಕೊಳ್ಳಬಲ್ಲದೆಂಬುದು ನನ್ನ ಅನುಭವ. ವಿದ್ವತ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಕಾಲೇಜೊಂದಕ್ಕೆ ಸೇರಹೋದಾಗ, ವರ್ಷಗಟ್ಟಲೆ ಅಭ್ಯಸಿಸಿದ್ದ ವ್ಯಾಕರಣ, ಛಂದಸ್ಸು, ಅಲಂಕಾರಗಳನ್ನು ಮೊದಲಿನಿಂದ ಓದತಕ್ಕದ್ದೆಂಬ ಉತ್ತರ ದೊರೆಯಿತು. ನಾನು ಏನನ್ನು ಓದಿದ್ದೆನೆಂದು ಕೇಳಿದವರೊಬ್ಬರೂ ಇರಲಿಲ್ಲ.

ಈ ನಷ್ಟವು ನಮ್ಮ ನಾಡಿಗಷ್ಟೇ ಸೀಮಿತವಲ್ಲ. ಅಮೆರಿಕದ ಸಮುದಾಯ ಕಾಲೇಜುಗಳು ಎರಡು ವರ್ಷಗಳ ಶಿಕ್ಷಣವನ್ನು ಕಡಿಮೆ ಶುಲ್ಕದಲ್ಲಿ ನೀಡುವ ಸಂಸ್ಥೆಗಳು. ದುಡಿಯುತ್ತ ಓದುವವರು ಅಲ್ಲಿ ಬಹಳ. ಉದ್ಯೋಗಕ್ಕಾಗಿ ಊರು ಬದಲಿಸಿದವರು ಕಾಲೇಜನ್ನೂ ಬದಲಿಸಬೇಕಾಗುತ್ತದೆ. ಓದಿನ ಅಳತೆಗೆ ಅಲ್ಲಿ ಕ್ರೆಡಿಟ್ ಎಂದು ಹೆಸರು. ಒಂದು ಸೆಮಿಸ್ಟರಿನುದ್ದಕ್ಕೂ ವಾರಕ್ಕೊಂದು ಗಂಟೆಯ ಪಾಠ, ಎರಡು ಗಂಟೆಯ ಸ್ವಂತ ಅಭ್ಯಾಸ ಸೇರಿದರೆ ಸ್ಥೂಲವಾಗಿ ಒಂದು ಕ್ರೆಡಿಟ್. ಕ್ಯಾಲಿಫೋರ್ನಿಯಾ ರಾಜ್ಯವೊಂದರಲ್ಲೇ ಇಂಥ 116 ಕಾಲೇಜುಗಳಿವೆ. ಒಂದೇ ಪಾಠಕ್ಕೆ ಕಾಲೇಜಿಗೊಂದು ಸಂಖ್ಯೆಯಿದ್ದುದರಿಂದ ಸಮಾನತೆಯನ್ನು ಗುರುತಿಸುವುದೇ ಕಷ್ಟವಾಗಿತ್ತು. 2021ರ ಶಾಸನವು ಸಮಾನ ಪಾಠಗಳಿಗೆ ಸಮಾನ ಸಂಖ್ಯೆಯನ್ನು ವಿಧಿಸಿತು. ಅಮೆರಿಕ ಸರ್ಕಾರದ ಲೆಕ್ಕಪರಿಶೋಧನಾ ಕಚೇರಿಯ 2017ರ ವರದಿಯು, 2004ರಿಂದ 2009ರವರೆಗೆ ಎಲ್ಲ ಬಗೆಯ ಕಾಲೇಜುಗಳ ನಡುವೆ ವರ್ಗವಾದ ವಿದ್ಯಾರ್ಥಿಗಳು ಸರಾಸರಿ ನೂರಕ್ಕೆ 43ರಷ್ಟು ಕ್ರೆಡಿಟ್ಟುಗಳನ್ನು ಕಳೆದುಕೊಂಡರೆಂದು ಅಂದಾಜಿಸಿದೆ. ಸಂಪನ್ನ ದೇಶದಲ್ಲಿಯೂ ಇಷ್ಟು ಶ್ರಮ ವ್ಯರ್ಥವಾಗಿದೆ.

ನಮ್ಮ ವಿಶ್ವವಿದ್ಯಾಲಯ ಅನುದಾನ ಆಯೋಗವು 2021ರಲ್ಲಿ ಕ್ರೆಡಿಟ್ಟುಗಳನ್ನು ಕೂಡಿಡುವ ಶೈಕ್ಷಣಿಕ ಬ್ಯಾಂಕಿನ ನಿಯಮಗಳನ್ನು ಹೊರಡಿಸಿತು. ಇದು ಸ್ವಾಗತಾರ್ಹ. ಆದರೆ ಖಾತೆಯಲ್ಲಿ ಕೂಡಿಟ್ಟದ್ದನ್ನು ಮತ್ತೊಂದು ವಿದ್ಯಾಲಯವು ಮನ್ನಿಸದಿದ್ದರೆ ಪ್ರಯೋಜನವೇನು?

ಬೋಧನೆಯ ಮಟ್ಟ ಎಲ್ಲೆಡೆಯೂ ಒಂದೇ ಅಲ್ಲವೆಂಬ ಅಧ್ಯಾಪಕ ಬಂಧುಗಳ ಆಕ್ಷೇಪವು ನಿರಾಧಾರವಲ್ಲ. ಸಂಶಯವಿದ್ದರೆ ವಿದ್ಯಾರ್ಥಿಯನ್ನು ಪರೀಕ್ಷಿಸಲಿ. ಅವನು ತಂದ ಪತ್ರದ ಮೇಲಿನ ಮುದ್ರೆಯನ್ನಷ್ಟೇ ನೋಡಿ ತಿರಸ್ಕರಿಸುವುದು ಬೇಡ. ನಿರಾಕರಿಸುವುದಾದರೆ, ಪಠ್ಯವಸ್ತುವನ್ನು ಹೋಲಿಸಿ ನೋಡಿ ಕೊರತೆ ಏನೆಂಬುದನ್ನು ಲಿಖಿತವಾಗಿ ತಿಳಿಸುವ ಹೊಣೆ ಸೇರಿಸಿಕೊಳ್ಳುವ ಸಂಸ್ಥೆಯದಾಗಬೇಕು. ಕೊರತೆಯಷ್ಟನ್ನೇ ತುಂಬಿಸಬೇಕು, ಕಲಿತದ್ದನ್ನೇ ಮರಳಿ ಕಲಿಯೆಂದು ವಿಧಿಸುವುದು ಶಿಕ್ಷಣವಲ್ಲ, ಶಿಕ್ಷೆ.

ದಾನಿಗಳು ನೀಡಿದ ಧನವನ್ನೂ ತಂದೆತಾಯಿಗಳು ತೆತ್ತ ಶುಲ್ಕವನ್ನೂ ಮತ್ತೆ ಗಳಿಸಬಹುದು. ಬಡ ವಿದ್ಯಾರ್ಥಿಯು ಎರಡನೆಯ ಸಲ ತೆರುವ ವರ್ಷ ಮಾತ್ರ ಮರಳಿ ಬಾರದು. ಆದುದರಿಂದ ನಮ್ಮ ಬಾಗಿಲಿಗೆ ಬಂದವನನ್ನು ‘ಎಲ್ಲಿಂದ ಬಂದೆ?’ ಎಂದು ಕೇಳುವುದಕ್ಕೆ ಮೊದಲು ‘ಏನನ್ನು ಕಲಿತೆ?’ ಎಂದು ಕೇಳೋಣ.