ಮುಖಕ್ಕೆ ಏಟಾದರೆ ತಿಕ್ಕಬೇಡಿ, ತೋರಿಸಿ



ಕಾಲಿನ ಮೂಳೆ ಮುರಿದರೆ ನಡೆಯಲು ಬರುವುದಿಲ್ಲ. ಮನೆಯವರು ಕೂಡಲೇ ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ಮುಖದ ಮೂಳೆ ಮುರಿದರೆ ಹಾಗಲ್ಲ. ಮುಖ ಊದಿಕೊಂಡು ಮುರಿತವನ್ನೇ ಮುಚ್ಚಿಬಿಡುತ್ತದೆ. 'ಬರೀ ಬಾವು, ಎಣ್ಣೆ ಹಚ್ಚಿ ತಿಕ್ಕಿದರೆ ಇಳಿಯುತ್ತದೆ' ಎನ್ನುವವರಿದ್ದಾರೆ. ಇದು ಅಪಾಯದ ಮಾತು ಎಂಬುದು ನನ್ನ ಅಭಿಪ್ರಾಯ. ಏಕೆ? ನೋಡೋಣ.

ತಲೆಬುರುಡೆಯ 22 ಮೂಳೆಗಳಲ್ಲಿ 14 ಮುಖದವು. ಮುರಿದ ಮೂಳೆಯನ್ನು ತಿಕ್ಕಿದರೆ ಅದರ ತುದಿಗಳು ಇನ್ನಷ್ಟು ಸರಿಯುತ್ತವೆ. ಮಕ್ಕಳ ಮೂಳೆ ದೊಡ್ಡವರ ಮೂಳೆಗಿಂತ ಬೇಗ ಕೂಡುತ್ತದೆ. ಆದ್ದರಿಂದಲೇ ತಡ ಮಾಡಿದರೆ ಸೊಟ್ಟಗೆ ಕೂಡಿಬಿಡುತ್ತದೆ.

ಮುರಿತವನ್ನು ಅನುಮಾನಿಸುವುದು ಹೇಗೆ? ಬಾಯಿ ಮುಚ್ಚಿದಾಗ ಹಲ್ಲುಗಳು ಮೊದಲಿನಂತೆ ಕೂಡುತ್ತವೆಯೇ? ಬಾಯಿ ಪೂರ್ತಿ ತೆರೆಯುತ್ತದೆಯೇ? ಕೆನ್ನೆ ಅಥವಾ ತುಟಿ ಜೋಮು ಹಿಡಿದಿದೆಯೇ? ಒಂದು ವಸ್ತು ಎರಡಾಗಿ ಕಾಣುತ್ತದೆಯೇ? ಕಣ್ಣುಗುಳಿಯ ತಳದ ಮೂಳೆ ಬಹಳ ತೆಳು. ಅದು ಬಿರಿದರೆ ಕಣ್ಣು ತಿರುಗಿಸುವ ಸ್ನಾಯು ಬಿರುಕಿನಲ್ಲಿ ಸಿಕ್ಕಿಕೊಳ್ಳಬಹುದು. ಕಣ್ಣು ಕೆಂಪಾಗದಿದ್ದರೂ ಮೇಲೆ ನೋಡಲು ಆಗದು, ವಾಂತಿಯೂ ಆಗಬಹುದು. ಆಗ ಒಂದು ದಿನವೂ ಕಾಯಬಾರದು.

ಕಮಲಾಪುರದಲ್ಲಿ ಆಡುವಾಗ ಗೆಳೆಯನ ದವಡೆಗೆ ಚೆಂಡು ಬಡಿಯಿತೆನ್ನಿ. ಬಾಯಲ್ಲಿ ರಕ್ತ ಬರುತ್ತಿದ್ದರೆ ಅದು ಗಂಟಲಿಗೆ ಇಳಿಯದಂತೆ ಮುಂದಕ್ಕೆ ಬಾಗಿಸಿ ಕೂರಿಸಿ. ಶಿಕ್ಷಕರಿಗೆ ತಿಳಿಸಿ, 108ಕ್ಕೆ ಕರೆ ಮಾಡಿಸಿ. ಕಲಬುರಗಿ ನಗರದಲ್ಲಿ ಜಿಮ್ಸ್ ಆಸ್ಪತ್ರೆಯಿದೆ. ಎಸ್. ನಿಜಲಿಂಗಪ್ಪ ದಂತ ಕಾಲೇಜು, ಇಎಸ್‌ಐಸಿ ದಂತ ಕಾಲೇಜುಗಳೂ ಇವೆ. ಹಲ್ಲಿನ ವೈದ್ಯರಿಗೆ ಮೂಳೆಯ ಕೆಲಸವೇನು ಎನ್ನುತ್ತೀರಾ? ದವಡೆ ಸರಿಯಾಗಿ ಕೂಡಿದೆಯೇ ಎಂದು ತಿಳಿಸುವ ಅಳತೆಗೋಲು ಹಲ್ಲುಗಳೇ! ಅದಕ್ಕಾಗಿಯೇ ದಂತ ಕಾಲೇಜುಗಳಲ್ಲಿ ಬಾಯಿ ಮತ್ತು ಮುಖದ ಶಸ್ತ್ರಚಿಕಿತ್ಸಾ ವಿಭಾಗ ಇರುತ್ತದೆ.

ವೈದ್ಯರು ಮೊದಲು ಬೆರಳಿನಿಂದ ಮುಟ್ಟಿ ನೋಡುತ್ತಾರೆ. ಬಳಿಕ ಎಕ್ಸ್-ರೇ, ಬೇಕಾದರೆ ಸಿ.ಟಿ. ಸ್ಕ್ಯಾನ್ ಮಾಡಿಸುತ್ತಾರೆ. ಮೂಳೆ ಸರಿಯದೆ ಬಿರುಕು ಮಾತ್ರ ಬಿಟ್ಟಿದ್ದರೆ ಮೆತ್ತನೆಯ ಆಹಾರ, ವಿಶ್ರಾಂತಿ ಸಾಕಾಗಬಹುದು. ಸರಿದಿದ್ದರೆ ಅದನ್ನು ಸ್ವಸ್ಥಾನಕ್ಕೆ ತಂದು ತಂತಿ ಕಟ್ಟುತ್ತಾರೆ ಅಥವಾ ಟೈಟೇನಿಯಂ ಪಟ್ಟಿ ಕೂರಿಸುತ್ತಾರೆ. ಮೇಲಿನ ಮತ್ತು ಕೆಳಗಿನ ಹಲ್ಲುಗಳನ್ನು ಸೇರಿಸಿ ಕಟ್ಟಿದರೆ ಜೋಳದ ರೊಟ್ಟಿಯಿರಲಿ, ಕಮಲಾಪುರದ ಕೆಂಪು ಬಾಳೆಹಣ್ಣನ್ನೂ ಕಚ್ಚಲಾಗದು. ಅಲ್ಲಿಯವರೆಗೆ ಗಂಜಿ, ಹಾಲು, ತಿಳಿಸಾರೇ ಊಟ.

ಬೈಗುಳಕ್ಕೆ ಹೆದರಿ ಏಟನ್ನು ಮುಚ್ಚಿಡುವ ಮಕ್ಕಳಿದ್ದಾರೆ. ಹೊಡೆದವರು ಯಾರು ಎಂಬ ವಿಚಾರಣೆ ನಾಳೆ ನಡೆಯಲಿ. ಮೂಳೆ ಮಾತ್ರ ನಾಳೆಯವರೆಗೆ ಕಾಯುವುದಿಲ್ಲ. ಹೇಳುವ ಧೈರ್ಯ ನಿಮ್ಮದಾಗಲಿ, ಬೈಯದೆ ಕೇಳುವ ತಾಳ್ಮೆ ದೊಡ್ಡವರದಾಗಲಿ.